ಪಿಡಿಎಫ್‌ನಲ್ಲಿ ಸ್ಟೈಲ್ ಮಾಯವೇ? ಸಿಎಸ್‌ಎಸ್ ತಿದ್ದುವ ಮೊದಲು ಇಷ್ಟು ನೋಡಿ

ಬ್ರೌಸರ್‌ನಲ್ಲಿ ರಸೀದಿ ಚೆಂದವಾಗಿ ಕಾಣುತ್ತದೆ. ಬಣ್ಣ, ಗೆರೆ, ಲೋಗೊ ಎಲ್ಲ ಸರಿಯಾಗಿರುತ್ತದೆ. 'ಪಿಡಿಎಫ್ ಡೌನ್‌ಲೋಡ್' ಒತ್ತಿದರೆ ಮಾತ್ರ ಬಿಳಿ ಹಾಳೆಯ ಮೇಲೆ ಬೋಳು ಅಕ್ಷರಗಳು ಬರುತ್ತವೆ. ಶಾಲೆಯೊಂದರ ಫೀ ರಸೀದಿ ಸರಿಮಾಡಲು ಒಂದು ತಂಡ ಎರಡು ದಿನ ಕೂತಿದ್ದನ್ನು ನಾನು ನೋಡಿದ್ದೇನೆ. ಪುಟದ ಬಣ್ಣ, ಅಳತೆ ಹೇಳುವ ಸಿಎಸ್‌ಎಸ್ ಫೈಲಿನ (ಸ್ಟೈಲ್‌ಶೀಟ್) ಪ್ರತಿ ಸಾಲಿಗೂ 'ಇಂಪಾರ್ಟೆಂಟ್' (ಈ ನಿಯಮವೇ ಗೆಲ್ಲಲಿ ಎನ್ನುವ ಗುರುತು) ಅಂಟಿಸಿದ್ದರು. ತಪ್ಪು ಅಲ್ಲಿ ಇರಲೇ ಇಲ್ಲ. ಪಿಡಿಎಫ್ ಮಾಡುವ ಪ್ರೋಗ್ರಾಂಗೆ ಆ ಫೈಲ್ ಸಿಕ್ಕೇ ಇರಲಿಲ್ಲ.

ಹಂತ 1: ಫೈಲ್ ತಲುಪಿದೆಯೇ?

ನಿಮ್ಮ ಸ್ಟೈಲ್‌ಶೀಟ್‌ನ ಕೊನೆಯಲ್ಲಿ ಪುಟದ 'ಬಾಡಿ' ಟ್ಯಾಗ್‌ಗೆ 10 ಪಿಕ್ಸೆಲ್ ದಪ್ಪದ ಕೆಂಪು ಬಾರ್ಡರ್ ಹಾಕಿ ಪಿಡಿಎಫ್ ತೆಗೆಯಿರಿ. ಗೆರೆ ಕಂಡರೆ ನೇರ ಹಂತ 3ಕ್ಕೆ ಹೋಗಿ.

ಹಂತ 2: ದಾರಿ ಸರಿಮಾಡಿ

ಹೆಚ್ಚಿನವರು ಎಡವುವುದು ಇಲ್ಲೇ. ಸ್ಟೈಲ್‌ಶೀಟ್‌ನ ವಿಳಾಸ ಬರೀ ಓರೆಗೆರೆಯಿಂದ (/) ಶುರುವಾಗಿದ್ದರೂ ಬ್ರೌಸರ್ ನಿಮ್ಮ ಸೈಟಿನ ಹೆಸರನ್ನು ತಾನೇ ಮುಂದೆ ಸೇರಿಸಿಕೊಳ್ಳುತ್ತದೆ. ಆದರೆ ಸರ್ವರ್‌ನಲ್ಲಿ ನೀವು ಕೊಡುವುದು ಎಚ್‌ಟಿಎಂಎಲ್ ಪಠ್ಯ ಮಾತ್ರ. ಅದಕ್ಕೆ ವಿಳಾಸವೇ ಇಲ್ಲ. ಪಪೆಟಿಯರ್‌ನಲ್ಲಿ (ಕ್ರೋಮ್ ಬ್ರೌಸರನ್ನು ಕೋಡ್‌ನಿಂದ ನಡೆಸುವ ಸಾಧನ) ಎಚ್‌ಟಿಎಂಎಲ್ ತುಂಬಲು 'ಸೆಟ್‌ಕಂಟೆಂಟ್' ಬಳಸಿದರೆ ಪುಟದ ವಿಳಾಸ 'ಅಬೌಟ್:ಬ್ಲಾಂಕ್' ಆಗಿರುತ್ತದೆ. ಹಾಗಾಗಿ ಅರೆಬರೆ ವಿಳಾಸ ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ. ಎಚ್‌ಟಿಎಂಎಲ್ ಅನ್ನು ಡಿಸ್ಕ್‌ನಿಂದ ಓದಿಸಿದರೆ ಅದೇ ಓರೆಗೆರೆಗೆ ಸರ್ವರ್ ಡಿಸ್ಕ್‌ನ ಬುಡ ಎಂಬ ಅರ್ಥ ಬರುತ್ತದೆ.

ಪೂರ್ತಿ ವಿಳಾಸ ಕೊಟ್ಟರೆ ಆಯ್ತಲ್ವಾ? ಯಾವಾಗಲೂ ಆಗುವುದಿಲ್ಲ. ಲಾಗಿನ್ ಹಿಂದಿರುವ ಸೈಟಾದರೆ ಪಿಡಿಎಫ್ ಪ್ರೋಗ್ರಾಂ ಬಳಿ ನಿಮ್ಮ ಕುಕಿ (ಲಾಗಿನ್ ಆಗಿದ್ದೀರಿ ಎಂಬ ಗುರುತು) ಇರುವುದಿಲ್ಲ. ಸ್ಟೈಲ್‌ಶೀಟ್ ಕೇಳಿದರೆ ಸರ್ವರ್ ಲಾಗಿನ್ ಪುಟ ಕಳಿಸುತ್ತದೆ. ಪ್ರೋಗ್ರಾಂ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಡಾಕರ್ ಕಂಟೇನರ್ (ಪ್ರೋಗ್ರಾಂ ಓಡುವ ಪ್ರತ್ಯೇಕ ಡಬ್ಬಿ) ಒಳಗೆ 'ಲೋಕಲ್‌ಹೋಸ್ಟ್' ಎಂದರೆ ಆ ಕಂಟೇನರೇ, ನಿಮ್ಮ ವೆಬ್ ಸರ್ವರ್ ಅಲ್ಲ. ಪಿಎಚ್‌ಪಿಯ ಪಿಡಿಎಫ್ ಸಾಧನವಾದ ಡಾಮ್‌ಪಿಡಿಎಫ್‌ನಲ್ಲಿ 'ರಿಮೋಟ್' ಆಯ್ಕೆ ಆನ್ ಮಾಡದಿದ್ದರೆ ಹೊರಗಿನ ಫೈಲ್ ತರುವುದೇ ಇಲ್ಲ.

ಊಹೆ ಮಾಡುತ್ತಾ ಕೂರಬೇಡಿ. ವೆಬ್ ಸರ್ವರ್‌ನ ಆಕ್ಸೆಸ್ ಲಾಗ್ (ಬಂದ ಕೋರಿಕೆಗಳ ದಾಖಲೆ) ತೆರೆದಿಟ್ಟು ಪಿಡಿಎಫ್ ತೆಗೆಯಿರಿ. ಸಿಎಸ್‌ಎಸ್ ಫೈಲಿನ ಹೆಸರು ಬಂತೇ? 404 ಇದ್ದರೆ ದಾರಿ ತಪ್ಪು. 302 (ಬೇರೆ ಪುಟಕ್ಕೆ ಕಳಿಸಿದೆ) ಇದ್ದರೆ ಬಹುಪಾಲು ಲಾಗಿನ್ ಸಮಸ್ಯೆ. ಹೆಸರೇ ಬರದಿದ್ದರೆ ಕೋರಿಕೆ ನಿಮ್ಮ ಸರ್ವರ್‌ವರೆಗೆ ಬಂದೇ ಇಲ್ಲ.

ನನ್ನ ಸಲಹೆ ಒಂದೇ: ಸಿಎಸ್‌ಎಸ್ ಅನ್ನು ಸರ್ವರ್‌ನಲ್ಲೇ ಓದಿ, ಪುಟದ ಹೆಡ್ ಭಾಗದ ಸ್ಟೈಲ್ ಟ್ಯಾಗ್ ಒಳಗೆ ಸುರಿದುಬಿಡಿ. ಆಗ ದಾರಿ, ಕುಕಿ, ನೆಟ್‌ವರ್ಕ್ ಯಾವ ತಲೆನೋವೂ ಇಲ್ಲ. ಒಂದು ಎಚ್ಚರ ಮಾತ್ರ ಬೇಕು. ಸಿಎಸ್‌ಎಸ್ ಒಳಗಿನ ಫಾಂಟ್, ಚಿತ್ರಗಳ ವಿಳಾಸವನ್ನು ಲೆಕ್ಕ ಹಾಕುವುದು ಆ ಸಿಎಸ್‌ಎಸ್ ಫೈಲ್ ಇರುವ ಜಾಗದಿಂದ. ಅದನ್ನು ಪುಟದೊಳಗೆ ತಂದಾಗ ಆ ಲೆಕ್ಕ ತಪ್ಪುತ್ತದೆ. ಲೋಗೊ, ಫಾಂಟ್ ಎರಡನ್ನೂ ಬೇಸ್64 (ಫೈಲನ್ನು ಪಠ್ಯವಾಗಿ ಬರೆಯುವ ವಿಧಾನ) ಮಾಡಿ ಒಳಗೇ ಸೇರಿಸಿ. ಪೈಥಾನ್‌ನ ಪಿಡಿಎಫ್ ಸಾಧನ ವೀಸಿಪ್ರಿಂಟ್ ಬಳಸುವವರಿಗೆ 'ಬೇಸ್ ಯುಆರ್‌ಎಲ್' (ಲೆಕ್ಕ ಶುರುವಾಗುವ ವಿಳಾಸ) ಕೊಟ್ಟರೆ ಸಾಕಾಗುತ್ತದೆ.

ಹಂತ 3: ಕಾಗದ ಬೇರೆ, ಪರದೆ ಬೇರೆ

ಪಪೆಟಿಯರ್ ಪಿಡಿಎಫ್ ತೆಗೆಯುವಾಗ ಪ್ರಿಂಟ್ ಸ್ಟೈಲ್‌ಗಳನ್ನೇ ಓದುತ್ತದೆ. 'ಮೀಡಿಯಾ ಸ್ಕ್ರೀನ್' ಎಂದು ಬರೆದದ್ದೆಲ್ಲ ಬಿದ್ದುಹೋಗುತ್ತದೆ. ಹಿನ್ನೆಲೆ ಬಣ್ಣ ಬೇಕಿದ್ದರೆ 'ಪ್ರಿಂಟ್‌ಬ್ಯಾಕ್‌ಗ್ರೌಂಡ್' ಆನ್ ಮಾಡಿ. ಎ4 ಹಾಳೆಯ ಅಗಲ 210 ಮಿ.ಮೀ., ಅಂದರೆ ಸುಮಾರು 794 ಪಿಕ್ಸೆಲ್. ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಸಿಎಸ್‌ಎಸ್‌ನ 'ಎಲ್‌ಜಿ' ಕಾಲಂಗಳು ಪಕ್ಕಪಕ್ಕ ನಿಲ್ಲಲು 992 ಪಿಕ್ಸೆಲ್ ಬೇಕು. ಅದಕ್ಕೇ ಅವು ಪಿಡಿಎಫ್‌ನಲ್ಲಿ ಒಂದರ ಕೆಳಗೊಂದು ಬೀಳುತ್ತವೆ. ವೆಬ್‌ಗೆ ಬರೆದ ಸ್ಟೈಲ್‌ಶೀಟನ್ನು ಎಳೆದಾಡಬೇಡಿ. ಪಿಡಿಎಫ್‌ಗೆ ಬೇರೆ ಚಿಕ್ಕ ಫೈಲ್ ಬರೆಯಿರಿ, ಅಳತೆಗಳನ್ನು ಮಿಲಿಮೀಟರ್‌ನಲ್ಲಿ ಕೊಡಿ.

ಇನ್ನೂ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ಎಂಬ ಹಳೆಯ ಸಾಧನ ಬಳಸುತ್ತಿದ್ದೀರಾ? ಅದರೊಳಗಿರುವುದು ಬಹಳ ಹಳೆಯ ವೆಬ್‌ಕಿಟ್ (ಪುಟ ಬಿಡಿಸುವ ಬ್ರೌಸರ್ ಎಂಜಿನ್). ಸಿಎಸ್‌ಎಸ್‌ನ ಗ್ರಿಡ್ (ಸಾಲು-ಕಾಲಂ ಜೋಡಣೆ) ಅದಕ್ಕೆ ಗೊತ್ತೇ ಇಲ್ಲ. 2020ರ 0.12.6 ಆವೃತ್ತಿಯಿಂದ ಡಿಸ್ಕ್‌ನ ಫೈಲ್ ಓದಲು ಪ್ರತ್ಯೇಕ ಅನುಮತಿಯನ್ನೂ ಕೊಡಬೇಕು. 2023ರಲ್ಲಿ ಆ ಯೋಜನೆಯನ್ನೇ ನಿಲ್ಲಿಸಿದರು. ಹೊಸ ಕೆಲಸಕ್ಕೆ ಖಂಡಿತ ಬೇಡ.

ಹಂತ 4: ಕನ್ನಡ ಅಕ್ಷರ

ಅಕ್ಷರದ ಜಾಗದಲ್ಲಿ ಚೌಕ ಡಬ್ಬಿ ಬಂದರೆ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ಡಾಕರ್‌ನ 'ಸ್ಲಿಮ್' ಇಮೇಜ್‌ಗಳಲ್ಲಿ (ಕಂಟೇನರ್‌ನ ಚಿಕ್ಕ ಅಚ್ಚು) ಇದು ಮಾಮೂಲಿ. ಸರ್ವರ್ ಡೆಬಿಯನ್ ಲಿನಕ್ಸ್ ಆದರೆ ನೋಟೊ ಫಾಂಟ್‌ಗಳ ಪ್ಯಾಕೇಜ್ ಹಾಕಿ.

ಅಕ್ಷರ ಬಂದರೂ ಒತ್ತಕ್ಷರ ಬಿಡಿಬಿಡಿಯಾಗಿ ನಿಂತರೆ ಅದು ಬೇರೆಯೇ ರೋಗ. ಫಾಂಟ್ ಬದಲಿಸುತ್ತಾ ಸುಮ್ನೆ ದಿನ ಕಳೆಯಬೇಡಿ. ಅಕ್ಷರ ಜೋಡಿಸುವ ಶಕ್ತಿಯೇ ಆ ಪ್ರೋಗ್ರಾಂಗೆ ಇಲ್ಲ. ಡಾಮ್‌ಪಿಡಿಎಫ್‌ನ ಕೊರತೆ ಇದೇ. ಪಿಎಚ್‌ಪಿಯಲ್ಲೇ ಇರಬೇಕು ಎಂದರೆ ಎಂಪಿಡಿಎಫ್ ಎಂಬ ಇನ್ನೊಂದು ಸಾಧನಕ್ಕೆ ಹೋಗಿ, ನಿಮ್ಮ ಕನ್ನಡ ಫಾಂಟ್‌ಗೆ 'ಯೂಸ್ ಒಟಿಎಲ್' ಆಯ್ಕೆ ಕೊಡಿ. ಕ್ರೋಮ್, ವೀಸಿಪ್ರಿಂಟ್ ಎರಡೂ ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆ.

ಇದೆಲ್ಲ ಯಾಕೆ, ಪುಟದ ಫೋಟೊ ತೆಗೆದು ಪಿಡಿಎಫ್‌ಗೆ ಅಂಟಿಸಿದರಾಯ್ತು ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಹೆಸರು ಹುಡುಕಲು ಆಗುವುದಿಲ್ಲ, ಫೈಲ್ ಗಾತ್ರವೂ ಜಾಸ್ತಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಓದಲು ಅಲ್ಲಿ ಒಂದಕ್ಷರವೂ ಇರುವುದಿಲ್ಲ.

ಹಂತ 5: ಪುಟ ಮುರಿಯುವ ಜಾಗ

ಟೇಬಲ್‌ನ ಸಾಲುಗಳಿಗೆ 'ಬ್ರೇಕ್-ಇನ್‌ಸೈಡ್: ಅವಾಯ್ಡ್' ಕೊಡಿ, ತಲೆಸಾಲನ್ನು 'ಟಿಹೆಡ್' ಒಳಗೆ ಇಡಿ.

ಹಂತ 6: ಪರೀಕ್ಷೆ

ಲ್ಯಾಪ್‌ಟಾಪ್‌ನಲ್ಲಿ ನೋಡಿ ಮುಗಿಸಬೇಡಿ. ಅಲ್ಲಿ ಫಾಂಟ್ ಮೊದಲೇ ಇರುತ್ತದೆ. ನಿಜವಾದ ಸರ್ವರ್‌ನಲ್ಲೇ, 40 ಸಾಲಿನ ಒಂದು ಬಿಲ್ ತೆಗೆಯಿರಿ. ಅದರಲ್ಲಿ ಲಕ್ಷ್ಮಿ, ರಾಷ್ಟ್ರ, ಕೀರ್ತಿ ಎಂಬ ಮೂರು ಪದಗಳೂ ₹ ಗುರುತೂ ಇರಲಿ. 'ಷ್ಟ್ರ'ದ ಎರಡೂ ಒತ್ತು ಕೆಳಗೆ ಕೂತಿವೆಯೇ, ಕೀರ್ತಿಯ ಅರ್ಕಾವೊತ್ತು 'ತಿ' ಆದ ಮೇಲೆ ಬಂದಿದೆಯೇ ಎಂದು ದೊಡ್ಡದು ಮಾಡಿ ನೋಡಿ. ಎಲ್ಲ ಸರಿ ಇದ್ದರೆ ಆ ಕೆಂಪು ಬಾರ್ಡರ್ ತೆಗೆದುಹಾಕಿ.