ಆರುನೂರು ರೂಪಾಯಿ ಬೋರ್ಡಿನಲ್ಲಿ ಪಿ ಅಲೆ ಹಿಡಿದೆ

ಹೃದಯದ ವಿದ್ಯುತ್ ಗೆರೆ, ಅಂದರೆ ಇ.ಸಿ.ಜಿ. ತೆಗೆಯುವ ಎ.ಡಿ. 8232 ಚಿಪ್‌ನ ಬೋರ್ಡಿನಲ್ಲಿ ಆರ್ ಮುಳ್ಳು, ಅಂದರೆ ಹೃದಯದ ಕೆಳಕೋಣೆಗಳು ಎಬ್ಬಿಸುವ ಎತ್ತರದ ಮೊನೆ, ಯಾರಿಗಾದರೂ ಬರುತ್ತದೆ. ಅದು ಸುಮಾರು 1 ಮಿಲಿವೋಲ್ಟ್ ಇರುತ್ತದೆ. ಅದಕ್ಕೂ ಮೊದಲು ಮೇಲ್ಕೋಣೆಗಳಿಂದ ಬರುವ ಪಿ ಅಲೆ ಅದರ ಹತ್ತನೇ ಒಂದು ಪಾಲು ಅಷ್ಟೇ. "ಪಿ ಎಲ್ಲಾ ಇದರಲ್ಲಿ ಬರಲ್ಲ ಗುರು, ಸುಮ್ನೆ ದುಡ್ಡು ಹಾಳು" ಅಂದಿದ್ದ ಆಸ್ಪತ್ರೆ ಯಂತ್ರ ರಿಪೇರಿ ಮಾಡುವ ಗೆಳೆಯ. ಬೋರ್ಡು 1100 ಪಟ್ಟು ಹಿಗ್ಗಿಸುತ್ತದೆ ಅಲ್ವಾ? ಅಂದಮೇಲೆ ಪಿ ಕೂಡ 0.1 ವೋಲ್ಟ್ ಆಗಬೇಕು. ಅದನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೊಗೆ ಅಷ್ಟು ಸಾಕು. ನಾನು ಈ ಲೆಕ್ಕ ಬಿಡಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೋರ್ಡು ಆರುನೂರಕ್ಕೆ ಸಿಕ್ಕಿತು. ದುಡ್ಡು ತಿಂದಿದ್ದು ಮೈಗೆ ಅಂಟಿಸುವ ಪ್ಯಾಡುಗಳು. ಬಿಡಿಯಾಗಿ ಮಾರುವ ಪ್ಯಾಡುಗಳಲ್ಲಿ ಜೆಲ್ ಒಣಗಿತ್ತು, ಗೆರೆ ಮೇಲಕ್ಕೂ ಕೆಳಕ್ಕೂ ತೇಲುತ್ತಿತ್ತು. ಸಾವಿರದ ಮೇಲೆ ಹಾಗೇ ಹೋಯಿತು. ಸೀಲ್ ಇರುವ ಪ್ಯಾಕೆಟ್ ಮೇಲೆಯೇ ಅರ್ಧ ಗೆಲುವು ನಿಂತಿದೆ. ಅಂಟಿಸುವ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ, ಒರಟು ಟವೆಲ್‌ನಿಂದ ಚರ್ಮ ಸ್ವಲ್ಪ ಕೆಂಪಾಗುವಷ್ಟು ಉಜ್ಜಿ. ಅಂಟಿಸಿದ ಮೇಲೆ ಐದು ನಿಮಿಷ ಬಿಡಿ.

ಆಮೇಲೆ ಮನೆ ಕರೆಂಟಿನ 50 ಹರ್ಟ್ಜ್ ಕಾಟ. ಮೂರೂ ವೈರು ಜಡೆ ಹೆಣೆದಂತೆ ಹೆಣೆದೆ, ಗೋಡೆಯ ಸ್ವಿಚ್‌ಬೋರ್ಡಿನಿಂದ ದೂರ ಕೂತೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಬೇಕು. ಮೈಗೆ ವೈರು ಇರುವಾಗ ಚಾರ್ಜರ್ ಚುಚ್ಚಲೇಬೇಡಿ, ಇದು ಜೀವದ ಮಾತು.

ಇಷ್ಟಾದರೂ ಪಿ ಮಸುಕಾಗಿಯೇ ಇತ್ತು. ಆಗ ಪ್ಯಾಡಿನ ಜಾಗ ಬದಲಿಸಿದೆ. ಬಲಗೈಗೆ ಹಾಕುವ ಪ್ಯಾಡು ಎದೆಮೂಳೆಯ ಬಲಕ್ಕೆ, 2ನೇ ಪಕ್ಕೆಲುಬಿನ ಕೆಳಗಿನ ಸಂದಿಗೆ. ಎಡಗೈಯದು ಅದೇ ಬದಿ, 4ನೆಯದರ ಕೆಳಗೆ. ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ ಹೆಸರಿನ ಜೋಡಣೆ ಇದು. ಹೃದಯದ ಬಲ ಮೇಲ್ಕೋಣೆ ಅಲ್ಲೇ ಹತ್ತಿರ. ಆರ್ ಕುಗ್ಗಿತು, ಪಿ ಎದ್ದು ನಿಂತಿತು! ಪ್ರತಿ ಬಡಿತಕ್ಕೂ, ತಪ್ಪದೆ.

ನಡುವೆ ಐಂತೋವನ್ ಮಾಡಿದ ಹಾಗೂ ಮಾಡಿ ನೋಡಿದೆ. ಇ.ಸಿ.ಜಿ.ಗಾಗಿ 1924ರ ನೊಬೆಲ್ ಪಡೆದವರು ಅವರು. ಪ್ಯಾಡಿಲ್ಲ, ಎರಡು ಕೈ ಒಂದು ಕಾಲು ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ, ನೀರಿಗೆ ಕಲ್ಲುಪ್ಪು. ಆರ್ ಚೆನ್ನಾಗಿಯೇ ಬಂತು. ತೋಳಿನ ಸ್ನಾಯು ನಡುಗಿದರೆ ಮಾತ್ರ ಗೆರೆ ಪೂರ್ತಿ ಪೊದೆ. ಇನ್ನೊಂದು ಸಲ ನಿಧಾನವಾಗಿ ಉಸಿರೆಳೆದು ಬಿಟ್ಟೆ. ಎಳೆದಾಗ ಆರ್‌ಗಳ ನಡುವಿನ ಅಂತರ ಕಿರಿದಾಗುವುದು ಕಣ್ಣಿಗೇ ಕಾಣಿಸಿತು.

ಸೆಕೆಂಡಿಗೆ 500 ಸಲ ಓದಿಸುತ್ತೇನೆ. ಬಡಿತಗಳನ್ನು ಆರ್‌ಗೆ ಹೊಂದಿಸಿ ಸರಾಸರಿ ತೆಗೆದರೆ ಪಿ ಇನ್ನೂ ನುಣುಪು. ಹೊಂದಿಸುವ ಕೋಡ್ ಸದ್ಯಕ್ಕೆ ನನ್ನಲ್ಲೇ ಇರಲಿ. ಪಿ ಶುರುವಿನಿಂದ ಕ್ಯೂ.ಆರ್.ಎಸ್ (ಆರ್ ಮುಳ್ಳು ಇರುವ ಗುಚ್ಛ) ಶುರುವಿನವರೆಗೆ ನನಗೆ 160 ಮಿಲಿಸೆಕೆಂಡಿನ ಆಸುಪಾಸು ಬಂತು. ಕ್ಲಿನಿಕ್‌ನಲ್ಲಿ ಮುನ್ನೂರು ಕೊಟ್ಟು ತೆಗೆಸಿದ ಇ.ಸಿ.ಜಿ.ಯಲ್ಲೂ ನಾಲ್ಕು ಚಿಕ್ಕ ಚೌಕ, ಅಂದರೆ ಅಷ್ಟೇ. ಎರಡೂ ಕಾಗದ ನೋಡಿದ ಗೆಳೆಯ ತನಗೂ ಒಂದು ಬೋರ್ಡು ತರಲು ಹೇಳಿದ್ದಾನೆ.