ರೂಟ್ ಪಾಸ್‌ವರ್ಡ್ ಬದಲಾಯ್ತು, ಆದ್ರೂ ಲಾಗಿನ್ ಆಗ್ಲಿಲ್ಲ

ತುಂಬಾ ದಿನದಿಂದ ಮುಟ್ಟದೇ ಇಟ್ಟಿದ್ದ ಫೆಡೋರಾ ಲಿನಕ್ಸ್ ಮಶೀನ್ ಆನ್ ಮಾಡ್ದೆ, ರೂಟ್ (ಪೂರ್ತಿ ಅಧಿಕಾರ ಇರೋ ಅಡ್ಮಿನ್ ಖಾತೆ) ಪಾಸ್‌ವರ್ಡ್ ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ಲಿಲ್ಲ, ಸುಡೋ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸೋ ಸೌಲಭ್ಯ) ಇರೋ ಬೇರೆ ಯೂಸರ್ ಕೂಡ ಇರ್ಲಿಲ್ಲ. ಹಳೇದನ್ನ ಹುಡುಕಿ ತೆಗೆಯೋಣ ಅನ್ನೋ ಆಸೆ ಮೊದ್ಲೇ ಬಿಡಿ, /ಇಟಿಸಿ/ಶ್ಯಾಡೋ ಫೈಲಲ್ಲಿ ಇರೋದು ಪಾಸ್‌ವರ್ಡಿಂದ ಲೆಕ್ಕ ಹಾಕಿ ತೆಗೆದ ಹ್ಯಾಶ್ ಮಾತ್ರ, ಅದ್ನ ತಿರುಗಿಸಿ ಪಾಸ್‌ವರ್ಡ್ ಮಾಡೋಕಾಗಲ್ಲ. ಹೊಸದು ಇಡೋದೊಂದೇ ದಾರಿ.

ರೀಬೂಟ್ ಮಾಡಿ ಗ್ರಬ್ (ಲಿನಕ್ಸ್ ಶುರು ಮಾಡೋ ಬೂಟ್‌ಲೋಡರ್) ಮೆನು ಬಂದಾಗ 'ಇ' ಒತ್ತಿದೆ, 'ಲಿನಕ್ಸ್' ಅಂತ ಶುರುವಾಗೋ ಸಾಲಿನ ಕೊನೇಲಿ ಇನಿಟ್=/ಬಿನ್/ಬ್ಯಾಶ್ ಸೇರಿಸಿ ಕಂಟ್ರೋಲ್ ಎಕ್ಸ್ ಒತ್ತಿದೆ. ಈ ಬದಲಾವಣೆ ಆ ಒಂದು ಸಲದ ಬೂಟಿಗೆ ಮಾತ್ರ, ಅದಕ್ಕೆ ಹೆದರಬೇಕಿಲ್ಲ. ಪಾಸ್‌ವರ್ಡ್ ಕೇಳದೇ ಸೀದಾ ರೂಟ್ ಶೆಲ್, ಅಂದ್ರೆ ರೂಟ್ ಆಗಿ ಕಮಾಂಡ್ ಟೈಪ್ ಮಾಡೋ ಜಾಗ, ಬಂತು. ಪಾಸ್‌ವರ್ಡ್ ಬದಲಾಯಿಸೋ ಪಾಸ್‌ಡಬ್ಲ್ಯೂಡಿ ಕಮಾಂಡ್ ಕೊಟ್ರೆ ಎರರ್, ಯಾಕಂದ್ರೆ ಡಿಸ್ಕ್ ಆಗ ರೀಡ್ ಓನ್ಲಿ ಆಗಿ ಮೌಂಟ್ ಆಗಿರತ್ತೆ. ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯೂ / ಕೊಟ್ಟ ಮೇಲೆ ಸಲೀಸಾಗಿ ಬದಲಾಯ್ತು.

ನಿಜವಾಗ್ಲೂ ತಲೆ ಕೆಟ್ಟಿದ್ದು ಇದಾದ ಮೇಲೆ. ರೀಬೂಟ್ ಮಾಡಿ ಹೊಸ ಪಾಸ್‌ವರ್ಡ್ ಹಾಕ್ತೀನಿ, ತಗೊಳ್ತಾನೇ ಇಲ್ಲ! ಟೈಪ್ ಮಾಡೋವಾಗ ತಪ್ಪಿರ್ಬೇಕು ಅಂದ್ಕೊಂಡು ಇನ್ನೊಂದು ಸಲ ಎಲ್ಲಾ ಮಾಡ್ದೆ, ಈ ಸಲ ಬರೀ ಸಣ್ಣ ಅಕ್ಷರಗಳ ಪಾಸ್‌ವರ್ಡ್ ಇಟ್ಟೆ, ಆದ್ರೂ ಅದೇ ಕಥೆ. ಆಮೇಲೆ ಹೊಳೀತು, ಎಸ್‌ಇಲಿನಕ್ಸ್, ಅಂದ್ರೆ ಯಾವ ಪ್ರೋಗ್ರಾಮ್ ಯಾವ ಫೈಲ್ ಮುಟ್ಟಬಹುದು ಅಂತ ಫೈಲಿನ ಲೇಬಲ್ ನೋಡಿ ತೀರ್ಮಾನಿಸೋ ಭದ್ರತಾ ವ್ಯವಸ್ಥೆ. ಆ ಶೆಲ್ಲಲ್ಲಿ ಇರುವಾಗ ಅದರ ಪಾಲಿಸಿ ಲೋಡ್ ಆಗಿರಲ್ಲ, ಪಾಸ್‌ವರ್ಡ್ ಬದಲಾಯಿಸಿದಾಗ ಶ್ಯಾಡೋ ಫೈಲ್ ಹೊಸದಾಗಿ ಬರೆದು ಕೂರತ್ತೆ, ಅದಕ್ಕೆ ಇರಬೇಕಾದ ಲೇಬಲ್ ಹೋಗತ್ತೆ, ಮಾಮೂಲಿ ಬೂಟಲ್ಲಿ ಲಾಗಿನ್ ಪ್ರೋಗ್ರಾಮಿಗೆ ಆ ಫೈಲ್ ಓದೋಕೇ ಬಿಡಲ್ಲ. ಪಾಸ್‌ವರ್ಡ್ ಸರಿಯಾಗೇ ಇತ್ತು, ಅದನ್ನ ನೋಡೋರಿಗೆ ಬಾಗಿಲು ಹಾಕಿತ್ತು.

ಮೂರನೇ ಸಲ ಅದೇ ಶೆಲ್ಲಿಗೆ ಹೋಗಿ, ರೀಮೌಂಟ್ ಮಾಡಿ, ಟಚ್ /.ಆಟೋರೀಲೇಬಲ್ ಕೊಟ್ಟೆ, ಮುಂದಿನ ಬೂಟಲ್ಲಿ ಎಲ್ಲಾ ಫೈಲಿಗೂ ಲೇಬಲ್ ಹೊಸದಾಗಿ ಹಾಕು ಅನ್ನೋ ಗುರುತು ಅದು. ಅಲ್ಲಿ ಸುಮ್ನೆ ರೀಬೂಟ್ ಅಂದ್ರೆ ಕೇಳಲ್ಲ, ಸಿಸ್ಟಮ್‌ಡಿ (ಮಾಮೂಲಿ ಬೂಟಲ್ಲಿ ಎಲ್ಲಾ ಸರ್ವೀಸ್ ಶುರು ಮಾಡೋ ಪ್ರೋಗ್ರಾಮ್) ಓಡ್ತಾ ಇರಲ್ವಲ್ಲ, ಎಕ್ಸೆಕ್ /ಎಸ್‌ಬಿನ್/ಇನಿಟ್ ಕೊಡಬೇಕು. ಎಲ್ಲಾ ಫೈಲಿಗೂ ಲೇಬಲ್ ಹಾಕೋಕೆ ಸಾಕಷ್ಟು ಹೊತ್ತು ಹಿಡೀತು, ಮಧ್ಯದಲ್ಲಿ ಪವರ್ ಆಫ್ ಮಾಡ್ಬೇಡಿ, ಮುಗಿದ ಮೇಲೆ ತಾನಾಗೇ ರೀಬೂಟ್ ಆಗತ್ತೆ. ಆಮೇಲೆ ಹೊಸ ಪಾಸ್‌ವರ್ಡ್ ಒಂದೇ ಸಲಕ್ಕೆ ತಗೊಳ್ತು.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದು ಅದರ ಪಾಸ್‌ಫ್ರೇಸೇ ಮರೆತಿದ್ರೆ ಇದ್ಯಾವುದೂ ನಡಿಯಲ್ಲ. ಎನ್‌ಕ್ರಿಪ್ಟ್ ಮಾಡದೇ ಇದ್ರೆ ಮಶೀನ್ ಮುಂದೆ ಕೂತ ಯಾರು ಬೇಕಾದ್ರೂ ನಾನು ಮಾಡಿದ್ದನ್ನೇ ಮಾಡ್ಬಹುದು, ಅದಕ್ಕೇ ಆವತ್ತೇ ಗ್ರಬ್ಬಿಗೂ ಒಂದು ಪಾಸ್‌ವರ್ಡ್ ಇಟ್ಟೆ, ನನ್ನ ಯೂಸರನ್ನ ಸುಡೋ ಸಿಗೋ ವೀಲ್ ಗ್ರೂಪಿಗೆ ಸೇರಿಸ್ದೆ.