ಕಂಗಿನ ತೋಟದಿಂದ ಗುರುಗ್ರಹದ ರೇಡಿಯೋ ಕೇಳುವುದು

ಗುರುವಿನ ಉಪಗ್ರಹ ಅಯೋದ ಜ್ವಾಲಾಮುಖಿಗಳು ಸೆಕೆಂಡಿಗೆ ಸುಮಾರು ಒಂದು ಟನ್ ವಸ್ತುವನ್ನು ಗ್ರಹದ ಕಾಂತಗೋಳಕ್ಕೆ (ಅದರ ಕಾಂತಶಕ್ತಿ ಆವರಿಸಿದ ವಲಯಕ್ಕೆ) ಸೇರಿಸುತ್ತವೆ. ಅದೇ ವಿದ್ಯುದಾವೇಶದ ಅನಿಲ, ಅಂದರೆ ಪ್ಲಾಸ್ಮಾ ಆಗುತ್ತದೆ. ಅಯೋದಿಂದ ಕಾಂತರೇಖೆ ಹಿಡಿದು ಧ್ರುವದತ್ತ ಧಾವಿಸುವ ಎಲೆಕ್ಟ್ರಾನುಗಳು ಅಲ್ಲಿ ಧ್ರುವಪ್ರಭೆಯ ಚುಕ್ಕೆಯನ್ನೂ ರೇಡಿಯೋ ಅಲೆಗಳನ್ನೂ ಹುಟ್ಟಿಸುತ್ತವೆ. ಈ ಅಲೆಗಳು 39.5 ಮೆಗಾಹರ್ಟ್ಸ್‌ಗಿಂತ ಮೇಲೆ ಇಲ್ಲ, 15ರ ಕೆಳಗೆ ನಮ್ಮ ವಾತಾವರಣದ ಮೇಲ್ಪದರವಾದ ಅಯಾನುಗೋಳ ಹೆಚ್ಚಾಗಿ ತಡೆಯುತ್ತದೆ. ಹಾಗಾಗಿ 20.1 ಮೆಗಾಹರ್ಟ್ಸ್ ಆರಿಸಿಕೊಳ್ಳಿ.

ಆಂಟೆನಾಕ್ಕೆ ತಾಮ್ರದ ತಂತಿಯ ಎರಡು ತುಂಡು, ಒಂದೊಂದೂ 3.54 ಮೀಟರ್. ನಡುವೆ ಪಿವಿಸಿ ಪೈಪಿನ ತುಂಡು, ತುದಿಗಳಲ್ಲಿ ನೈಲಾನ್ ಹಗ್ಗ. ನೆಲದಿಂದ ಮೂರೂವರೆ ಮೀಟರ್ ಎತ್ತರದಲ್ಲಿ, ಉತ್ತರ–ದಕ್ಷಿಣವಾಗಿ ಕಟ್ಟಿ. ಕಾಸರಗೋಡಿನಲ್ಲಿ ಗುರು ಸಾಕಷ್ಟು ಮೇಲೇರುತ್ತದೆ. ಹೀಗೆ ಕಟ್ಟಿದರೆ ಮೂಡಣದಿಂದ ಪಡುವಣದವರೆಗೂ ಅದು ಆಂಟೆನಾದ ವ್ಯಾಪ್ತಿಯಲ್ಲಿರುತ್ತದೆ. ಎರಡು ಕಂಗುಗಳ ನಡುವೆ ಬಿಗಿದು ಕಟ್ಟಬೇಡಿ, ಗಾಳಿಗೆ ಮರ ಬಾಗಿದಾಗ ತಂತಿ ಹರಿಯುತ್ತದೆ. ಬಿದಿರಿನ ಕಂಬ ಮೇಲು.

ಆಂಟೆನಾದಿಂದ ರಿಸೀವರ್‌ಗೆ 75 ಓಮ್‌ನ ಡಿಶ್ ಕೇಬಲ್ (ಆರ್‌ಜಿ-6) ಸಾಕು. ಅದರ ಹೊರಜಾಲ ಅಲ್ಯೂಮಿನಿಯಂ ಆದ್ದರಿಂದ ಬೆಸುಗೆ ಹಿಡಿಯದು. ಸ್ಕ್ರೂ ಹಾಕಿ ಒತ್ತಿ ಹಿಡಿಸಿ, ಮೇಲೆ ರಬ್ಬರ್ ಟೇಪ್ ಸುತ್ತಿ. ಕುಂಬಳೆ, ಮಂಜೇಶ್ವರದಂಥ ಕರಾವಳಿಯ ಉಪ್ಪುಗಾಳಿಗೆ ತೆರೆದ ಜೋಡಣೆ ಬೇಗ ಕಿಲುಬು ಹಿಡಿಯುತ್ತದೆ.

ರಿಸೀವರ್‌ನಲ್ಲಿ ಎಜಿಸಿ (ಸದ್ದಿನ ಮಟ್ಟವನ್ನು ತಾನಾಗಿ ಸರಿದೂಗಿಸುವ ವ್ಯವಸ್ಥೆ) ಆಫ್ ಇರಲಿ, ಇಲ್ಲವಾದರೆ ಏರಿಳಿತವೆಲ್ಲ ಮಟ್ಟಸವಾಗುತ್ತದೆ. ಕೇಬಲ್ ಕಳಚಿದಾಗ ಸದ್ದು ಇಳಿಯಬೇಕು. ಇಳಿಯದಿದ್ದರೆ ಆಂಟೆನಾದಿಂದ ಏನೂ ಬರುತ್ತಿಲ್ಲ. ಆಮೇಲೆ ರಿಸೀವರ್‌ಗೆ ಜೋಡಿಸಿದ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿಟ್ಟು ಮನೆಯ ಮೈನ್ ಸ್ವಿಚ್ ಇಳಿಸಿ ನೋಡಿ. ಗದ್ದಲ ಥಟ್ಟನೆ ನಿಂತರೆ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರುಗಳನ್ನು ಒಂದೊಂದಾಗಿ ಹುಡುಕಬೇಕು. ಹೆಚ್ಚಿನವರು ಸೋಲುವುದು ಇಲ್ಲಿಯೇ.

ಸಮಯದ ಲೆಕ್ಕ ಇದಕ್ಕಿಂತಲೂ ಮುಖ್ಯ. ಅಲೆಗಳು ಟೊಳ್ಳು ಶಂಕುವಿನ ಗೋಡೆಯ ದಿಕ್ಕಿನಲ್ಲಷ್ಟೇ ಹೊಮ್ಮುತ್ತವೆ; ಆ ಗೋಡೆ ಭೂಮಿಯತ್ತ ತಿರುಗಿದಾಗಲೇ ಕೇಳುವುದು. ಭೂಮಿಯಿಂದ ಕಂಡಂತೆ ಗುರುವಿನ ಹಿಂಬದಿಯಿಂದ ಎಣಿಸಿ ಅಯೋ 90 ಡಿಗ್ರಿಯ ಆಸುಪಾಸಿನಲ್ಲೂ ನಮಗೆದುರಾದ ಗುರುವಿನ ರೇಖಾಂಶ (ಸಿಸ್ಟಮ್ 3, ಅಂದರೆ ಗುರುವಿನ ಕಾಂತಕ್ಷೇತ್ರದ ತಿರುಗುವಿಕೆಗೆ ಹೊಂದಿಸಿದ ಎಣಿಕೆ) 150ರ ಸುತ್ತಮುತ್ತಲೂ ಇದ್ದರೆ ಅವಕಾಶ ಹೆಚ್ಚು. ಅಯೋ 240, ರೇಖಾಂಶ 230 ಆದಾಗಲೂ ಅಷ್ಟೇ. ಗುರು 9 ಗಂಟೆ 55 ನಿಮಿಷಕ್ಕೊಮ್ಮೆ, ಅಯೋ ಸುಮಾರು 42 ಗಂಟೆ 28 ನಿಮಿಷಕ್ಕೊಮ್ಮೆ ಸುತ್ತುವುದರಿಂದ ಈ ಯೋಗ ದಿನವೂ ಬಾರದು. ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನ ಹೊತ್ತನ್ನೇ ನೆಚ್ಚಿ. ಹಗಲಲ್ಲಿ ಸೂರ್ಯನ ಸ್ಫೋಟಗಳೂ ದೂರದ ಶಾರ್ಟ್‌ವೇವ್ ನಿಲಯಗಳೂ ಅಡ್ಡ ಬರುತ್ತವೆ.

ದಡಕ್ಕೆ ಬಡಿಯುವ ತೆರೆಯಂತೆ ಒಂದೆರಡು ಸೆಕೆಂಡು ಉಕ್ಕಿ ಇಳಿಯುವುದು ಎಲ್-ಬರ್ಸ್ಟ್. ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದ ಚಟಪಟ ಎಸ್-ಬರ್ಸ್ಟ್. ಸಂಶಯವಿದ್ದರೆ 50 ಕಿಲೋಹರ್ಟ್ಸ್ ಆಚೀಚೆ ತಿರುಗಿಸಿ: ನಿಲಯವಾದರೆ ಮಾಯವಾಗುತ್ತದೆ, ಗುರುವಾದರೆ ಉಳಿಯುತ್ತದೆ. ಆದರೆ ಸಿಡಿಲಿನ ಸದ್ದೂ ಎಲ್ಲೆಡೆ ಕೇಳುತ್ತದೆ. ತುಲಾಮಳೆಯ (ಹಿಂಗಾರಿನ) ಗುಡುಗು ಶುರುವಾಗುವ ಮೊದಲೇ ಕೇಬಲ್ ಕಳಚಿ ಮನೆಯ ಹೊರಗಿಡಿ.